ಸೀಮೆಎಣ್ಣೆಯ ಹಾಳೆ, ಅಕ್ಕನ ಬೆರಳು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಫೋನು ಕಿವಿಯಲ್ಲಿತ್ತು, ಕಣ್ಣು ಗಡಿಯಾರದ ಮೇಲಿತ್ತು, ಹಾಗಾಗಿ ಹೊತ್ತು ಸರಿಯಾಗಿ ನೆನಪಿದೆ. ಮನೆಗೆ ಹೋಗುವ ಮಾಗಡಿಯ ಬಸ್ಸು ತಪ್ಪಿಸಿಕೊಳ್ಳಬಾರದೆಂಬ ಅವಸರದಲ್ಲಿ ಫೋನಿಗೆ ಅಂಗೈ ಅಡ್ಡ ಹಿಡಿದು, "ಅಕ್ಕ, ಒದ್ದೆ ಹಾಳೆ ಓವನ್ನಿಗೆ ಹಾಕಿಬಿಡಿ" ಎಂದೆ. ಯಾವ ಹಾಳೆ ಎಂದು ಹೇಳಲಿಲ್ಲ.

ಬಿಡದಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಮ್ಮ ಪುಟ್ಟ ಪ್ರಯೋಗಾಲಯ. ಬೋಲ್ಟು, ನಟ್ಟುಗಳಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಗಳಿಂದ ಬರುವ ನೀರಿನಲ್ಲಿನ ಸತುವನ್ನು ತೆಗೆಯುವುದು ನಮ್ಮ ಕೆಲಸ. ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ತೆಳು ಪ್ಲಾಸ್ಟಿಕ್ ಹಾಳೆ. ಅದನ್ನು ಮೊದಲು ತೊಳೆದು ಓವನ್ನಿನಲ್ಲಿ ಒಣಗಿಸಬೇಕು. ಆಮೇಲೆ ಸತುವನ್ನು ಹಿಡಿಯುವ ರಾಸಾಯನಿಕ ಬೆರೆಸಿದ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಎಣ್ಣೆ ರಂಧ್ರಗಳಲ್ಲಿ ನಿಲ್ಲುತ್ತದೆ. ಹಾಳೆಯ ಒಂದು ಬದಿಗೆ ಕೊಳೆನೀರು, ಇನ್ನೊಂದು ಬದಿಗೆ ತೆಳು ಆಮ್ಲ. ಸತು ಮಾತ್ರ ಎಣ್ಣೆಯನ್ನು ದಾಟಿ ಆಚೆಗೆ ಹೋಗುತ್ತದೆ. ನೆನೆದ ಹಾಳೆಗಳನ್ನು ದಾರಕ್ಕೆ ತೂಗುಹಾಕಿ ಹೆಚ್ಚಾದ ಎಣ್ಣೆ ಸೋರಲು ಬಿಡುತ್ತೇವೆ. ಅವನ್ನು ಬಿಸಿಯ ಹತ್ತಿರಕ್ಕೂ ಒಯ್ಯುವಂತಿಲ್ಲ.

ಅಕ್ಕ ನಮ್ಮ ಸಹಾಯಕಿ. ರಾಮನಗರದವರು, ಹರೆಯದಿಂದಲೂ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದವರು. ಸೇರಿದ ಮೊದಲ ವಾರವೇ ಹಾಳೆಯ ಮೇಲೆ ಬೆರಳಾಡಿಸಿ, ನನಗೆ ಬೆಳಕಿನಲ್ಲೂ ಕಾಣದ ಸುಕ್ಕನ್ನು ಹಿಡಿದಿದ್ದರು. ಸುಕ್ಕಿರುವ ಹಾಳೆಯನ್ನು ಚೌಕಟ್ಟಿಗೆ ಬಿಗಿದರೆ ಅಲ್ಲಿಂದ ಸೋರುತ್ತದೆ. "ನಿಮ್ ಓದು ಕಣ್ಣಲ್ಲೈತೆ, ನಂದು ಬೆರಳಲ್ಲೈತೆ ಮೇಡಮ್ಮೋರೆ" ಎಂದು ನಕ್ಕಿದ್ದರು. ಆ ಬೆರಳಿಗಾಗಿಯೇ ಅವರನ್ನು ಕೆಲಸದಲ್ಲಿ ಖಾಯಂ ಮಾಡಿದ್ದು.

ನೂಲು ಬಿಚ್ಚುವ ಕಡೆ ಒದ್ದೆ ನೂಲನ್ನು ಹಾಗೇ ಬಿಟ್ಟು ಹೋಗುವುದಿಲ್ಲ. ಸುತ್ತುವಾಗಲೇ ಶಾಖ ಕೊಟ್ಟು ಒಣಗಿಸುತ್ತಾರೆ, ಇಲ್ಲದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಕೆಡುತ್ತವೆ. ಅಕ್ಕ ತೊಳೆದ ಹಾಳೆಗಳ ಜೊತೆಗೆ ದಾರದಲ್ಲಿ ತೊಟ್ಟಿಕ್ಕುತ್ತಿದ್ದವನ್ನೂ ತೆಗೆದು ಓವನ್ನಿಗೆ ಹಾಕಿದರು. ಎಣ್ಣೆಯ ಕೆಲಸವನ್ನು ಅದುವರೆಗೆ ನಾನೊಬ್ಬಳೇ ಮಾಡುತ್ತಿದ್ದೆ. ಅವರ ಪಾಲಿಗೆ ಎರಡೂ ಒದ್ದೆಯೇ.

ಹಳೆಯ ಓವನ್ನು, ತಳದಲ್ಲಿ ಕಾಯುವ ತಂತಿಯ ಸುರುಳಿಗೆ ಮರೆಯಿರಲಿಲ್ಲ. ವಾಸನೆ ಬಂದು ನಾನು ತಿರುಗುವಷ್ಟರಲ್ಲಿ ಅಕ್ಕ ಬಾಗಿಲು ತೆರೆದಿದ್ದರು. ಧಪ್ಪೆಂದು ಬೆಂಕಿ ಹೊರಕ್ಕೆ ಬಂತು. ಎರಡು ಹೆಜ್ಜೆ ಆಚೆ ಮೇಜಿನ ಮೇಲೆ ಸೀಮೆಎಣ್ಣೆಯ ಡಬ್ಬ, ನಾನೇ ತೆರೆದಿಟ್ಟದ್ದು. ನಾನು ಮೊದಲು ಡಬ್ಬ ಎತ್ತಿಕೊಂಡು ಹೊರಗೆ ಓಡಿದೆ. ಆಮೇಲೆ ಅಕ್ಕನ ಹತ್ತಿರ ಬಂದೆ. ಬೆಂಕಿ ಆರಿಸುವ ಸಿಲಿಂಡರನ್ನು ಹೇಗೆ ಒತ್ತಿದೆನೋ ತಿಳಿಯದು. ಡಬ್ಬದ ಹಿಡಿ ಅಂಗೈಗೆ ತಣ್ಣಗೆ ತಗುಲಿದ್ದು ಮಾತ್ರ ಈಗಲೂ ತಿಳಿಯುತ್ತದೆ.

ಅಕ್ಕನ ಬಲಗೈ ಸುಟ್ಟಿತ್ತು. ನಲ್ಲಿಯ ಕೆಳಗೆ ಹಿಡಿದು ನಿಂತಾಗ ಅವರೇ ನನಗೆ ಸಮಾಧಾನ ಹೇಳಿದರು: "ಕುದಿಯೋ ನೀರಲ್ಲಿ ಗೂಡು ಹುಡುಕಿರೋ ಕೈ ಇದು. ನೀವ್ಯಾಕ್ ಹೆದರ್ತೀರಿ?"

ಭಾನುವಾರ ಅವರ ಮನೆಗೆ ಹೋದೆ. ಕೈಗೆ ಬ್ಯಾಂಡೇಜಿತ್ತು.

"ಯಾವ ಹಾಳೆ ಅಂತ ನಾನು ಹೇಳಲಿಲ್ಲ ಅಕ್ಕ. ವರದಿಯಲ್ಲಿ ಹಾಗೇ ಬರೆದುಕೊಟ್ಟಿದ್ದೇನೆ."

"ನಾನೂ ಕೇಳ್ಲಿಲ್ವಲ್ಲ."

"ಮತ್ತೆ... ಮೊದಲು ಡಬ್ಬ ಎತ್ತಿದೆ. ನಿಮ್ಮನ್ನಲ್ಲ."

"ಡಬ್ಬ ಬುಟ್ಟು ನನ್ನ ಎತ್ತಿದ್ರೆ ಇಬ್ರೂ ಹೋಗ್ತಿದ್ವಿ. ನಾನೇನ್ ಹಗುರ್ವಾಗಿದ್ದೀನಾ?" ನಕ್ಕು, ಆಮೇಲೆ ಬ್ಯಾಂಡೇಜಿನ ಕಡೆ ನೋಡಿ ದನಿ ತಗ್ಗಿಸಿದರು. "ಬೆರಳ್ ತುದಿ ಜೋಮು ಹಿಡ್ದಂಗೈತೆ. ಹೋಯ್ತದೋ ಇಲ್ವೋ ಡಾಕ್ಟ್ರೂ ಹೇಳಾಕಿಲ್ಲ."

ಆ ಮಾತನ್ನು ಹೊತ್ತುಕೊಂಡೇ ಮಾಗಡಿಗೆ ಬಂದೆ. ಆಮೇಲೆ ನಿದ್ದೆ ತುಂಡುತುಂಡಾಯಿತು. ಪ್ರತಿಸಲವೂ ಅದೇ: ಫೋನು, ಅಂಗೈ, "ಒದ್ದೆ ಹಾಳೆ". ಕನಸಿನಲ್ಲಿ ಒಂದೇ ಒಂದು ಪದ ಸೇರಿಸಲು ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ಎಚ್ಚರವಾಗುತ್ತದೆ.

ಅಕ್ಕ ಮರಳಿದ್ದು ಎರಡು ತಿಂಗಳ ಮೇಲೆ. ಆ ಹೊತ್ತಿಗೆ ಓವನ್ನು ಬೇರೆ ಕೋಣೆಗೆ ಹೋಗಿತ್ತು. ಬಂದವರೇ ತೂಗುದಾರಕ್ಕೆ ಒಂದು ಕೆಂಪು ರೇಷ್ಮೆ ಎಳೆ ಕಟ್ಟಿ, "ಇದರ್ ಮೇಲಿರೋದು ಒಣಗ್ಸಂಗಿಲ್ಲ. ಕೇಳಿದ್ರಾ ಮೇಡಮ್ಮೋರೆ?" ಎಂದರು. ಹೂಂ ಎಂದೆ.

ಆಮೇಲೆ ಒಂದು ಒಣ ಹಾಳೆಯನ್ನು ಎದುರಿಗಿಟ್ಟುಕೊಂಡರು. ಮೊದಲು ಎಡಗೈ ಆಡಿಸಿದರು. ನಂತರ ಬಲಗೈ, ಹೊಸ ಚರ್ಮದ ನಸುಗೆಂಪು ಬೆರಳು. ಒಂದು ಸಲ, ಎರಡು ಸಲ. ನಾನು ಬೇರೆ ಕಡೆ ನೋಡುತ್ತಿದ್ದೆ.

"ಇಲ್ಲಿ" ಎಂದರು ಅಕ್ಕ. "ಒಸಿ ಸುಕ್ಕೈತೆ."

ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ. ಆ ಜಾಗಕ್ಕೆ ನೇರವಾಗಿ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಹಾಳೆಯನ್ನು ನೆನೆಹಾಕಿ, ಮರುದಿನ ಬಿಗಿದು ನೀರು ಬಿಟ್ಟೆ. ಹತ್ತು ನಿಮಿಷ ಇಬ್ಬರೂ ಚೌಕಟ್ಟನ್ನೇ ನೋಡುತ್ತ ಕೂತೆವು. ಪೆನ್ಸಿಲ್ ಗೆರೆಯ ಹತ್ತಿರ, ಅಂಚಿನಲ್ಲಿ, ಒಂದು ಹನಿ ಮೂಡಿತು.

ಹಾಳೆ ಹಾಳಾಯಿತು. ಅದಕ್ಕೆ ಇಬ್ಬರೂ ಅಷ್ಟು ನಕ್ಕಿದ್ದು ಯಾಕೆಂದು ಪಕ್ಕದ ಶೆಡ್ಡಿನವರು ಬಂದು ಕೇಳಿದರು.

ಮರುದಿನ ಗುರುವಾರ. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಅಮ್ಮ ಬಾಗಿಲು ಬಡಿದು ಎಬ್ಬಿಸುವ ಹೊತ್ತಿಗೆ ಬಿಸಿಲು ಹಾಸಿಗೆಯವರೆಗೆ ಬಂದಿತ್ತು, ಬಿಡದಿಯ ಬಸ್ಸು ಹೋಗಿಯಾಗಿತ್ತು.