ಶಟರಿಗೆ ಎಣ್ಣೆ ಬೇಡವೆನ್ನುವ ಕೋದಂಡರಾಮಪ್ಪ

ಮುಳಬಾಗಿಲಿನ ಆಂಜನೇಯನ ಗುಡಿಯಲ್ಲಿ ಬೆಳಗಿನ ಗಂಟೆ ಕೇಳುವ ಹೊತ್ತಿಗೆ ಕೋದಂಡರಾಮಪ್ಪನವರು ಕ್ಯಾಮರಾ ರಿಪೇರಿ ಅಂಗಡಿಯ ಹಲಗೆಗಳನ್ನು ತೆಗೆದು, ಮೇಜಿನ ಮೇಲೆ ಬಿಳಿ ಪಂಚೆಯ ತುಂಡು ಹಾಸುತ್ತಾರೆ. ಸಾಸಿವೆಗಿಂತ ಸಣ್ಣ ತಿರುಪು ಬಿದ್ದರೂ ಕಣ್ಣಿಗೆ ಕಾಣಬೇಕಲ್ಲ.

ಇಂದು ಅವರಿಗಿಂತ ಮೊದಲೇ ರಾಯಲ್ಪಾಡಿನ ಫೋಟೋಗ್ರಾಫರ್ ಅಶ್ವತ್ಥಪ್ಪ, ಹೆಂಡತಿ ಆಂಜಿನಮ್ಮನ ಜೊತೆ ಮೆಟ್ಟಿಲ ಮೇಲೆ ಕಾದಿದ್ದಾರೆ. ಚೀಲದಲ್ಲಿ ಕಮ್ಮಾರನ ತಿದಿಯಂತೆ ಮಡಚುವ ಹಳೆಯ ಕ್ಯಾಮರಾ. ಆಂಜಿನಮ್ಮನ ತಂಗಿಗೆ ಇವತ್ತೇ ಹೋಳೂರಿನಲ್ಲಿ ಮದುವೆ. ನಿನ್ನೆ ಸಂಜೆ ತೆರೆದ ಕ್ಯಾಮರಾದ ಶಟರು ಮುಚ್ಚುತ್ತಲೇ ಇಲ್ಲ. ತನ್ನ ಮದುವೆಯದೊಂದು ಫೋಟೋ ಇಲ್ಲವೆಂಬ ಕೊರಗು ಈಕೆಗೆ. ತಂಗಿಗೆ ತಾಳಿ ಕಟ್ಟುವ ಗಳಿಗೆಯಾದರೂ ಉಳಿಯಬೇಕೆಂಬ ಹಟ.

ಕೋದಂಡರಾಮಪ್ಪನವರು ಮುಂದಿನ ಗಾಜು ತಿರುಗಿಸಿ ತೆಗೆಯುತ್ತಾರೆ. ಒಳಗಿನ ತೆಳು ಉಕ್ಕಿನ ಎಲೆಗಳು ಒಂದಕ್ಕೊಂದು ಅಂಟಿವೆ. ನಡುವೆ ಕೆಂಪು ಪುಡಿ. ಆಯುಧಪೂಜೆ ಕಳೆದ ಮೇಲೆ ಸುತ್ತಲ ತಾಲ್ಲೂಕುಗಳಿಂದ ಇಂಥವು ಬರುತ್ತಲೇ ಇರುತ್ತವೆ. ಕ್ಯಾಮರಾದ ಮುಖ ದೇವರಿಗೆ ಕಾಣಲೆಂದು ಜನ ತಿದಿ ಬಿಚ್ಚಿಟ್ಟು, ಗಾಜಿನ ಸುತ್ತ ಕುಂಕುಮ ಇಡುತ್ತಾರೆ; ಅದು ಒಳಕ್ಕೆ ಇಳಿಯುತ್ತದೆ.

“ಇಟ್ಟಿದ್ದು ಇವಳೇ,” ಎಂದು ಅಶ್ವತ್ಥಪ್ಪ ಕೈ ತೋರಿಸುತ್ತಾರೆ.

“ಸರಿ, ಎಣ್ಣೆ ಬಿಟ್ಟೋರು ಯಾರು?” ಎಲೆಗಳ ಮೇಲಿನ ಜಿಡ್ಡು ನೋಡುತ್ತ ಕೋದಂಡರಾಮಪ್ಪನವರು ಕೇಳುತ್ತಾರೆ.

ಅಶ್ವತ್ಥಪ್ಪ ಖಾಲಿ ಚೀಲ ಮಡಚತೊಡಗುತ್ತಾರೆ. “ಹೇಳಿ, ಅಣ್ಣ ಕೇಳ್ತಾವ್ರಲ್ಲ,” ಎಂದು ಆಂಜಿನಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾರೆ. ಪುಡಿ ಸಡಿಲವಾಗಲೆಂದು ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟ ಸಂಗತಿ ಆಮೇಲೆ ನಿಧಾನವಾಗಿ ಹೊರಬರುತ್ತದೆ. ಎಣ್ಣೆ ಪುಡಿಯೊಡನೆ ಕಲೆತು ಅಂಟಾಗಿದೆ, ಶಟರಿಗೆ ಎಣ್ಣೆಯೇ ಬೇಡ ಎನ್ನುತ್ತಾರೆ ಕೋದಂಡರಾಮಪ್ಪನವರು.

ಎಲೆಗಳು ಜಿಡ್ಡು ತೆಗೆಯುವ ಬಿಳಿ ಪೆಟ್ರೋಲಿನಲ್ಲಿ ಮಿಂದು, ಶಾಯಿ ಹೀರುವ ಒತ್ತುಕಾಗದದ ಮೇಲೆ ಕೂರುತ್ತವೆ. ಧೂಳು ಬೀಳದಂತೆ ಗಾಜಿನ ಲೋಟ ಬೋರಲು. ಅಷ್ಟರಲ್ಲಿ ಹೋಳೂರಿಗೆ ಹೋಗುವವರು ಹತ್ತಬೇಕಾದ ಕೋಲಾರದ ಬಸ್ಸು ಹಾರನ್ ಹೊಡೆಯುತ್ತದೆ. ಹಾಗೇ ಜೋಡಿಸಿ ಕೊಟ್ಟುಬಿಡಿ ಎಂದು ಅಶ್ವತ್ಥಪ್ಪ ಅಂಗಲಾಚುತ್ತಾರೆ.

“ಒದ್ದೇಲಿ ಜೋಡಿಸಿದ್ರೆ ಇಲ್ಲಿ ಚೆನ್ನಾಗೇ ಆಡ್ತದೆ ಕಣಪ್ಪ. ಮಂಟಪದಲ್ಲಿ ಅಂಟ್ಕೊಂಡ್ರೆ ಏನ್ ಮಾಡ್ತೀಯ?”

ಆಂಜಿನಮ್ಮ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಬಸ್ಸು ಹೋಗುತ್ತದೆ. ಇನ್ನುಳಿದದ್ದು ಮುಹೂರ್ತಕ್ಕೆ ಮುಟ್ಟಿಸಬಲ್ಲ ಒಂದೇ ಬಸ್ಸು.

ಎಲೆ ಒಣಗುವ ತನಕ ಕೋದಂಡರಾಮಪ್ಪನವರು ತಮ್ಮ ಕತೆ ಹೇಳುತ್ತಾರೆ. ತಂದೆಯಿಂದ ಕಲಿತದ್ದು ಗಡಿಯಾರದ ಕೆಲಸ. ಎಪ್ಪತ್ತೊಂದನೇ ಇಸವಿಯಲ್ಲಿ ಕೋಲಾರದ ಸ್ಟುಡಿಯೋದವರೊಬ್ಬರು ಕೆಟ್ಟ ಕ್ಯಾಮರಾ ತಂದಾಗ ಧೈರ್ಯಮಾಡಿ ಬಿಚ್ಚಿದರು. ಸ್ಪ್ರಿಂಗು ಹಾರಿ ಎತ್ತಲೋ ಹೋಯಿತು. ಹೆಂಡತಿ ರಾಮಲಕ್ಷ್ಮಮ್ಮ ಇಡೀ ಅಂಗಡಿ ಗುಡಿಸಿ, ಕಸವನ್ನು ಮೊರದಲ್ಲಿ ಕೇರಿ ಹುಡುಕಿಕೊಟ್ಟರಂತೆ. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಕೆಟ್ಟ ಗಡಿಯಾರದ ಸ್ಪ್ರಿಂಗನ್ನೇ ಕತ್ತರಿಸಿ ಬಾಗಿಸಬೇಕು. ಕಣ್ಣುರಿ ತಪ್ಪಿದ್ದಲ್ಲ. ದಿನಕ್ಕೆ ಎರಡು ಶಟರು ಮುಗಿದರೆ ಅದೇ ಹೆಚ್ಚು.

ಕೊನೆಗೆ ಎಲೆಗಳು ತಮ್ಮ ಜಾಗ ಸೇರುತ್ತವೆ. ಅವರು ಕ್ಯಾಮರಾದ ಹಿಂಬದಿಯ ಮುಚ್ಚಳ ತೆರೆದು, ಅದನ್ನು ಬೀದಿಯ ಬೆಳಕಿಗೆ ಹಿಡಿದು ಆಂಜಿನಮ್ಮನಿಗೆ ನೋಡಲು ಹೇಳುತ್ತಾರೆ. ಒತ್ತಿದಾಗ ಬೆಳಕು ದುಂಡಗೆ ಅರಳಿ, ಮರುಕ್ಷಣ ಮುಚ್ಚುತ್ತದೆ. ಮಂಟಪದ ಮಬ್ಬಿಗೆ ಬೇಕಾದ ನಿಧಾನದ ವೇಗವೂ ಜರ್‍ರೆಂದು ಸದ್ದುಮಾಡಿ ನಿಲ್ಲುತ್ತದೆ.

“ಕುಂಕುಮ ಇಟ್ಟಿದ್ದು ತಪ್ಪೇನಣ್ಣ?”

“ತಪ್ಪೇನಿಲ್ಲ ತಾಯಿ. ಮಡಚಿಟ್ಟು ಮೇಲ್ಗಡೆ ಇಡು. ಒಳಗೆ ಆ ದೇವ್ರೇ ಇರ್ತಾನೆ.”

ಇಬ್ಬರೂ ಓಡಿ ಬಸ್ಸು ಹತ್ತುತ್ತಾರೆ. ಇಷ್ಟು ವರ್ಷ ರಿಪೇರಿ ಮಾಡಿದ ಕ್ಯಾಮರಾಗಳ ಫೋಟೋ ನೋಡುವ ಆಸೆ ಇಲ್ಲವೇ ಎಂದು ಯಾರಾದರೂ ಕೇಳಿದರೆ, ಕೋದಂಡರಾಮಪ್ಪನವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒರೆಸುತ್ತ ನಗುತ್ತಾರೆ.

“ತಾಳಿ ಕಟ್ಟೋವಾಗ ಗಟ್ಟಿಮೇಳ ಬಾರಿಸ್ತಾರಲ್ಲ, ಆ ಗದ್ದಲದಲ್ಲಿ ಶಟರಿನ ಸದ್ದು ಯಾರಿಗೂ ಕೇಳ್ಸಲ್ಲ. ಕೇಳ್ಸೋದೂ ಬೇಡ. ತೆರೆದು ಮುಚ್ಕೊಂಡ್ರೆ ನನಗೆ ಅಷ್ಟೇ ಸಾಕು.”