ನನ್ನ ಸೆರಗಿನಲ್ಲಿದ್ದ ತಂಗಿಯ ಕಾರ್ಡು

ಒಳಗೆ ನನ್ನ ತಂಗಿ ಇದ್ದಾಳೆ ಎಂದು ನಾನು ಆಗಲೇ ಕೂಗಬೇಕಿತ್ತು. ಕೂಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೆ ಅವಳು ಕೆಮ್ಮಿದಾಗಲೆಲ್ಲ ಆ ಗೇಟಿನ ಮುಂದೆ ಮತ್ತೆ ನಿಂತಂತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಧುಗಿರಿಯ ಹೊರಗೆ, ಹಿಂದೂಪುರದ ರಸ್ತೆಯಲ್ಲಿ, ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜು. ಸಿರಾ, ಕೊರಟಗೆರೆ, ಪಾವಗಡದ ಹಣ್ಣೆಲ್ಲ ಅಲ್ಲಿಗೆ ಬರುತ್ತದೆ. ನಾನೂ ತಂಗಿಯೂ ಕೊಡಿಗೇನಹಳ್ಳಿಯಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ಮೊದಲು ಪೆಟ್ಟಿಗೆಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಎಣಿಸುತ್ತಿದ್ದೆವು. ಆಮೇಲೆ ಪ್ರತಿ ಪೆಟ್ಟಿಗೆಗೂ ಚಿಪ್ ಇರುವ ಸ್ಟಿಕ್ಕರು ಬಂತು, ಬಾಗಿಲ ಚೌಕಟ್ಟಿಗೆ ಯಂತ್ರ ಬಂತು. ಟ್ರಾಲಿ ಬಾಗಿಲು ದಾಟಿದರೆ ಸಾಕು, ಯಾವ ಮಂಡಿಯವರ ಯಾವ ಪೆಟ್ಟಿಗೆ ಎಂದು ಅದೇ ಓದಿಕೊಳ್ಳುತ್ತಿತ್ತು. ನಮಗೂ ಅಂಥದೇ ಚಿಪ್ ಇರುವ ಕಾರ್ಡು. ಗೇಟಿನ ಡಬ್ಬಿಗೆ ಹಿಡಿದರೆ ಬೀಪ್ ಎನ್ನುತ್ತದೆ. ಒಳಗೆ ಎಷ್ಟು ಜನ ಇದ್ದೇವೆ ಎನ್ನುವುದು ಸೂಪರ್‌ವೈಸರ ಮೊಬೈಲಿನಲ್ಲಿ ಕಾಣುತ್ತದೆ.

ಯಂತ್ರ ಎಲ್ಲವನ್ನೂ ಓದುತ್ತಿರಲಿಲ್ಲ. ಹುಣಸೆಹಣ್ಣು ಒದ್ದೆ ಪದಾರ್ಥ, ಒಳಗೆಲ್ಲ ಕಬ್ಬಿಣದ ಅಟ್ಟಣಿಗೆ, ಎರಡೂ ಯಂತ್ರದ ಕಣ್ಣಿಗೆ ಅಡ್ಡ. ರಾಶಿಯ ನಡುವಿನ ಪೆಟ್ಟಿಗೆಗಳು ಎಷ್ಟೋ ಸಲ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆಗ ತಂಗಿ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ತೆಗೆದುಕೊಂಡು ತಣ್ಣನೆಯ ಕೋಣೆಗೆ ಹೋಗಿ ಒಂದೊಂದೇ ಪೆಟ್ಟಿಗೆಗೆ ತೋರಿಸಿ ಬರಬೇಕು.

ಅವಳು ಕಾರ್ಡು ಎಲ್ಲೆಂದರಲ್ಲಿ ಬಿಡುವವಳು. ಅದಕ್ಕೇ ಅವಳದನ್ನೂ ನಾನೇ ಸೆರಗಿನ ಮರೆಯಲ್ಲಿ ಕೊರಳಿಗೆ ಹಾಕಿಕೊಂಡು, ಹೋಗುವಾಗ ಬರುವಾಗ ಎರಡನ್ನೂ ಡಬ್ಬಿಗೆ ಹಿಡಿಯುತ್ತಿದ್ದೆ.

“ಏನಮ್ಮಾ, ಎಲ್ಡೆಲ್ಡು ತಾಳಿ ಕಟ್ಕೊಂಡಂಗೆ ಓಡಾಡ್ತೀಯಲ್ಲ!” ಎಂದು ಕೊರಟಗೆರೆ ಕಡೆಯ ಗೆಳತಿ ಛೇಡಿಸುತ್ತಿದ್ದಳು.

“ಒಂದು ಕಟ್ಟಿದೋನೇ ಸಾಕಾಗವ್ನೆ ಕಣಕ್ಕೋ,” ಎಂದು ತಂಗಿಯೇ ಉತ್ತರ ಕೊಡುತ್ತಿದ್ದಳು. “ಇನ್ನೊಂದು ನಂದು!”

ಒಬ್ಬರ ಕಾರ್ಡನ್ನು ಇನ್ನೊಬ್ಬರು ಹಿಡಿದದ್ದು ಆಫೀಸಿನವರಿಗೆ ಗೊತ್ತಾದರೆ ಕೆಲಸದಿಂದ ತೆಗೆಯುತ್ತಿದ್ದರು. ಸಿರಾ ಕಡೆಯ ಒಬ್ಬಳು ಹಾಗೇ ಅಳುತ್ತಾ ಹೋಗಿದ್ದನ್ನು ನಾನು ಕಂಡಿದ್ದೆ.

ಅವತ್ತು ಸಂಜೆ ಕೆಲಸ ಬಿಡುವ ಹೊತ್ತಿಗೆ ಯಂತ್ರದ ಲೆಕ್ಕದಲ್ಲಿ ಮತ್ತೆ ಪೆಟ್ಟಿಗೆಗಳು ಕಡಿಮೆ ಬಂದವು. “ನೀ ಓಗಿ ಸೀಟು ಇಡ್ದಿರಕ್ಕ, ಇಂಗ್ ಹೋಗಿ ಅಂಗ್ ಬಂದ್ಬುಟ್ಟೆ,” ಎಂದು ತಂಗಿ ಒಳಗೆ ಹೋದಳು. ಗೇಟಿನಲ್ಲಿ ಜನ ನುಗ್ಗುತ್ತಿದ್ದರು. ನನ್ನ ಕೈ ರೂಢಿಯಂತೆ ಎರಡೂ ಕಾರ್ಡು ಹಿಡಿಯಿತು. ಬೀಪ್, ಬೀಪ್.

ನಾನು ರಸ್ತೆ ಮುಟ್ಟುವ ಮೊದಲೇ ಸೈರನ್ನು ಕೂಗಿತು. ಕೋಣೆ ತಣ್ಣಗಿಡುವ ಅಮೋನಿಯಾ ಗ್ಯಾಸು ಎಲ್ಲೋ ಪೈಪು ಒಡೆದು ಸೋರಿತ್ತು. ಹೊರಗಿದ್ದ ನಮಗೇ ಕಣ್ಣು ಉರಿದು ಗಂಟಲು ಕಟ್ಟಿತು. ಎಲ್ಲರೂ ಹೊಂಗೆಮರದ ಕೆಳಗೆ ಓಡಿದೆವು. ಪಾವಗಡ ಕಡೆಯ ಸೂಪರ್‌ವೈಸರು ಮೊಬೈಲು ನೋಡಿ ಉಸಿರು ಬಿಟ್ಟರು.

“ಅಮ್ಮಯ್ಯ, ಸೊನ್ನೆ! ಲೋಪಲ ಎವರೂ ಲೇರು. ಒಳಗ್ ಯಾರೂ ಇಲ್ಲ. ಗ್ಯಾಸು ಇಳಿಯೋಗಂಟ ಯಾರೂ ಓಗ್ಬೇಡ್ರಿ.”

ಒಳಗೆ ಹೋಗಲು ಗ್ಯಾಸಿನ ಮುಖವಾಡ ಹಾಕಿಕೊಳ್ಳುತ್ತಿದ್ದ, ತಣ್ಣಗಿಡುವ ಯಂತ್ರದ ಆಪರೇಟರು ಅದನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡ.

ಎರಡೂ ಕಾರ್ಡು ನನ್ನ ಸೆರಗಿನೊಳಗೆ ಅಂಗೈಯಲ್ಲಿದ್ದವು. ಬಾಯಿ ಬಿಟ್ಟರೆ ನನ್ನ ಕೆಲಸವೂ ಅವಳ ಕೆಲಸವೂ ಹೋಯಿತು. ಅವಳು ಚುರುಕು, ಹಿಂದಿನ ಬಾಗಿಲಿನಿಂದ ಬಂದಿರುತ್ತಾಳೆ ಎಂದುಕೊಂಡೆ. ಹಿಂದಿನ ಬಾಗಿಲಿಗೆ ಬೀಗ ಇರುವುದು ನನಗೆ ಗೊತ್ತಿತ್ತು.

“ನಿನ್ ತಂಗಿ ಎಲ್ಲಮ್ಮಾ?” ಎಂದು ಕೊರಟಗೆರೆಯ ಗೆಳತಿ ಕೇಳಿದಳು.

“ಬಸ್ ಸ್ಟಾಪಿನಾಗವ್ಳೆ,” ಎಂದೆ.

ಅಷ್ಟರಲ್ಲಿ ಬಸ್ಸು ಬಂತು. ಸ್ಟಾಪಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಬಸ್ಸು ನಿಂತು, ಹಾರನ್ನು ಹೊಡೆದು, ಹೊರಟುಹೋಯಿತು. ಗೆಳತಿ ಖಾಲಿ ಸ್ಟಾಪನ್ನು ನೋಡಿ ನನ್ನ ಮುಖ ನೋಡಿದಳು. ಆಗ ನಾನು, “ನನ್ ತಂಗಿ ಒಳಗವ್ಳೆ!” ಎಂದು ಕಿರುಚಿದೆ.

ಆಪರೇಟರು ಮುಖವಾಡ ಸಿಕ್ಕಿಸಿಕೊಂಡು ಓಡಿದ. ಬಾಗಿಲ ಹತ್ತಿರವೇ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿದ್ದಿದ್ದವಳನ್ನು ಹೊತ್ತು ತಂದ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಸ್ವಲ್ಪ ಹೊತ್ತು ಯಾವುದು ಎಂದು ನನಗೊಬ್ಬಳಿಗೇ ಗೊತ್ತು.

ಆಸ್ಪತ್ರೆಗೆ ವಿಚಾರಿಸಲು ಬಂದ ಆಫೀಸಿನವರಿಗೆ ತಂಗಿ, “ಕಾರ್ಡು ನಾನೇ ಇಡ್ದೆ ಸಾ, ಬುತ್ತಿ ಡಬ್ಬಿ ಮರ್ತು ವಾಪಸ್ ಓದೆ,” ಎಂದುಬಿಟ್ಟಳು. ನನ್ನ ಕೆಲಸ ಉಳಿಯಿತು. ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ, ಅವಳ ದನಿಯೂ ಮರಳಲಿಲ್ಲ. ಗಾಳಿ ಸೋರುವ ಟ್ಯೂಬಿನಂತೆ ಮಾತಾಡುತ್ತಾಳೆ. ನಾನು ಈಗಲೂ ಅದೇ ಗೇಟಿನಲ್ಲಿ ಒಂದೇ ಕಾರ್ಡು ಹಿಡಿಯುತ್ತೇನೆ.

ಮೊನ್ನೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಅವಳು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: “ನಮ್ಮಕ್ಕ ಕೂಗ್ಕೊಂಡಿದ್ಕೆ ಬದುಕ್ದೆ ಕಣಮ್ಮ. ಮಿಷಿನ್ನು ಒಳಗ್ ಯಾರೂ ಇಲ್ಲ ಅಂದ್ರೂ ಅವಳು ಬುಡ್ಲಿಲ್ಲ.”

ಪಕ್ಕದವಳು ಎದ್ದುಹೋಗುವವರೆಗೆ ಕಾದೆ. ತಂಗಿಯ ಕೈಯಿಂದ ಮೊರ ತೆಗೆದು ಕೆಳಗಿಟ್ಟೆ.

“ನಾನು ಆಗ್ಲೇ ಕೂಗ್ಲಿಲ್ಲ ಕಣೇ,” ಎಂದೆ. “ನೀ ಒಳಗಿರೋದು ಗೊತ್ತಿತ್ತು. ಕೇಳ್ದೋರಿಗೆ ಬಸ್ ಸ್ಟಾಪಿನಾಗವ್ಳೆ ಅಂದೆ. ಕೆಲ್ಸ ಓಗ್ತದೆ ಅಂತ ಎದ್ರುಕೊಂಡು ನಿನ್ನ ಅಲ್ಲೇ ಬುಟ್ಟಿದ್ದೆ. ತಪ್ಪಾಯ್ತು ಕಣವ್ವಾ. ನಂದು ತಪ್ಪಾಯ್ತು.”