ನೀರುಕಾಗೆಗೆ ಜಾಲಿ ಮುಳ್ಳು

ನಾಗಮಂಗಲದಿಂದ ಸುಲ್ತಾನರ ದಂಡಿಗೆ ಎತ್ತು ಹೊಡೆದುಕೊಂಡು ಹೊರಟವನು ತೊಣ್ಣೂರು ಕೆರೆಯಲ್ಲಿ ಅವಕ್ಕೆ ನೀರು ಕುಡಿಸುತ್ತಿದ್ದೆ. ಬೆಸ್ತರ ಹೆಂಗಸೊಬ್ಬಳು ಎದೆಮಟ್ಟದ ನೀರಿನಲ್ಲಿ ನಿಂತು ಜಾಲಿ ಕೊಂಬೆಗಳಿಗೆ ಕಲ್ಲು ಕಟ್ಟಿ ಮುಳುಗಿಸುತ್ತಿದ್ದಳು. ಕೈಯೆಲ್ಲ ರಕ್ತ. ಹೊಳೆಯಿಂದ ಮಡಕೆಯಲ್ಲಿ ಹೊತ್ತು ತಂದು ಬಿಟ್ಟ ಮೀನುಮರಿಗಳನ್ನು ಹೋದ ವರ್ಷ ನೀರುಕಾಗೆಗಳು ಒಂದೂ ಉಳಿಸದೆ ನುಂಗಿದ್ದವಂತೆ. ಈ ಸಲ ಮರಿಗಳಿಗೆ ಮುಳ್ಳಿನ ಮರೆ.

“ಕೋವಿ ಇದೆ, ಹಾರಿಸಲೇನಮ್ಮ?” ಎಂದೆ.

“ಬ್ಯಾಡಿ ಸ್ವಾಮಿ! ಅವು ಮುಳುಗೋ ಕಡೆ ನೋಡ್ಕಂಡೇ ನಾವು ಬಲೆ ಬೀಸೋದು. ಆಳದಲ್ಲಿರೋ ಮೀನು ತಿನ್ಲಿ, ಮರಿ ಮಾತ್ರ ಮುಟ್ಟಕ್ಕೆ ಬುಡಾಕಿಲ್ಲ.”

ದಡಕ್ಕೆ ಬಂದು ಮತ್ತೊಂದು ಕೊಂಬೆ ಹೊತ್ತು ನೀರಿಗಿಳಿದಳು. ಅಷ್ಟರಲ್ಲಿ ಅವಳೇ ಇಳಿಸಿದ್ದ ಕೊಂಬೆಯೊಂದರ ನೀರಿನ ಮೇಲೆ ಉಳಿದಿದ್ದ ತುದಿಯಲ್ಲಿ ನೀರುಕಾಗೆಯೊಂದು ಕೂತು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅವಳು ಅದನ್ನು ಓಡಿಸಲಿಲ್ಲ. ಅದರ ಪಕ್ಕದಲ್ಲೇ ಮುಳ್ಳನ್ನು ಒತ್ತಿ ಮುಳುಗಿಸಿದಳು.